ಮ್ಯಾಮೋಗ್ರಫಿ: ಕಿರಣದ ಅಳತೆಯೂ ಬೇಕು, ಚಿತ್ರದ ಸ್ಪಷ್ಟತೆಯೂ ಬೇಕು



ಮೇ ತಿಂಗಳು ಮುಗಿಯುತ್ತಾ ಬಂತು. ಮಳೆ ಹಿಡಿಯುವ ಮುಂಚೆ ಅಡಿಕೆ ಗೊನೆಗಳಿಗೆ ಮದ್ದು ಬಿಡಲು ಎಲ್ಲ ಮನೆಗಳಲ್ಲೂ ಮೈಲುತುತ್ತು, ಸುಣ್ಣ ತಂದಿಟ್ಟಾಗಿದೆ. ಮರ ಹತ್ತುವವರು ಸಿಕ್ಕಿದರೆ ಸಾಕು ಎಂಬುದೇ ಈಗ ಹಲವರ ಪ್ರಾರ್ಥನೆ. ಈ ಸಲದ ಅಂಕಣದಲ್ಲಿ ಕೊಳೆರೋಗದ ವಿಷಯ ಬರೆಯುತ್ತೇನೆಂದು ನೀವು ಎಣಿಸಿರಬಹುದು. ಆರಂಭಿಸುವುದು ಅದರಿಂದಲೇ, ಆದರೆ ಹೇಳಬೇಕಾಗಿರುವುದು ನಮ್ಮ ಮನೆಯ ಹೆಂಗಸರ ಆರೋಗ್ಯದ ಬಗ್ಗೆ.

ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೋರ್ಡೋ ದ್ರಾವಣದ ಈ ಲೆಕ್ಕ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಸುಣ್ಣ ಸಾಲದೆ ಮೈಲುತುತ್ತು ಮೇಲಾದರೆ ಎಳೆಕಾಯಿ ಸುಡುತ್ತದೆ. ಸುಣ್ಣ ಮೇಲಾದರೆ ಮದ್ದಿನ ಬಲ ಕುಂದುತ್ತದೆ. ಆದುದರಿಂದ ಹಿರಿಯರು ತಿಕ್ಕಿ ತೊಳೆದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸುತ್ತಾರೆ. "ಮದ್ದು ವಿಷ, ಬಿಡುವುದೇ ಬೇಡ" ಎಂದು ಕುಳಿತವನ ಗೊನೆ ಆಷಾಢದಲ್ಲಿ ಕೊಳೆತು ಉದುರುತ್ತದೆ. "ಹೆಚ್ಚು ಹಾಕಿದಷ್ಟೂ ಒಳ್ಳೆಯದು" ಎಂದವನಿಗೂ ಫಸಲು ದಕ್ಕುವುದಿಲ್ಲ. ತೋಟದಲ್ಲಿ ನಾವು ಪಾಲಿಸುವ ಈ ವಿವೇಕವನ್ನು ಆಸ್ಪತ್ರೆಯ ಬಾಗಿಲಲ್ಲಿ ಯಾಕೆ ಮರೆಯುತ್ತೇವೆ ಎಂಬುದೇ ನನ್ನ ಇಂದಿನ ಪ್ರಶ್ನೆ.

ಸಭೆಯಲ್ಲಿ ಬಂದ ಎರಡು ಮಾತು

ಕಳೆದ ತಿಂಗಳ ಪಾಲನಾ ಸಮಿತಿಯ ಸಭೆಯಲ್ಲಿ ಒಂದು ಸೂಚನೆ ಬಂತು. ತೆನೆಹಬ್ಬ ಕಳೆದ ಮೇಲೆ ಒಂದು ಭಾನುವಾರ ಮ್ಯಾಮೋಗ್ರಫಿ ಯಂತ್ರವಿರುವ ಬಸ್ಸನ್ನು ಚರ್ಚಿನ ಅಂಗಳಕ್ಕೆ ಕರೆಸಿ, 18 ವರ್ಷ ದಾಟಿದ ಎಲ್ಲ ಸ್ತ್ರೀಯರಿಗೂ ಉಚಿತವಾಗಿ ಸ್ತನದ ಎಕ್ಸ್‌ರೇ ಮಾಡಿಸೋಣ ಎಂದು. ಸೂಚಿಸಿದವರ ಮನಸ್ಸು ಒಳ್ಳೆಯದೇ. ಆಗ ಹಿರಿಯರೊಬ್ಬರು ಎದ್ದು, "ಫಾದರ್, ಆ ಕಿರಣದಿಂದಲೇ ಕ್ಯಾನ್ಸರ್ ಬರುತ್ತದಂತೆ. ಇಲ್ಲದ ರೋಗವನ್ನು ಅಂಗಳಕ್ಕೆ ಕರೆದು ತರುವುದು ಯಾಕೆ?" ಎಂದರು. ಯುವಕನೊಬ್ಬ, "ಉಚಿತವಾಗಿ ಸಿಗುವಾಗ ಎಲ್ಲರಿಗೂ ಮಾಡಿಸಿದರೆ ನಷ್ಟವೇನು?" ಎಂದ. ಮುಂದಿನ ಸಭೆಯವರೆಗೆ ಸಮಯ ಕೊಡಿ ಎಂದು ನಾನು ಕೇಳಿಕೊಂಡೆ. ನಾನು ವೈದ್ಯನಲ್ಲ, ಗುರುಮಠದಲ್ಲಿ ನಾನು ಕಲಿತದ್ದು ತತ್ವಶಾಸ್ತ್ರ ಮತ್ತು ದೈವಶಾಸ್ತ್ರ. ಆದರೂ ತಿಳಿದವರನ್ನು ಕೇಳಿ, ಓದಿ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ, ಇಬ್ಬರ ಮಾತನ್ನೂ ಹಾಗೆಯೇ ಪಾಲಿಸಿದರೆ ಅಪಾಯವಿದೆ.

ಸ್ತನದ ವಿಷಯವನ್ನು ಚರ್ಚಿನ ಪತ್ರಿಕೆಯಲ್ಲಿ ಬರೆಯುವುದೇ ಎಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಫೆಬ್ರವರಿ 5ರಂದು ನಾವು ಸ್ಮರಿಸುವ ಸಂತ ಅಗಾಥಮ್ಮನವರನ್ನು ಧರ್ಮಸಭೆ ಸ್ತನರೋಗಿಗಳ ಪಾಲಕಿಯೆಂದು ಶತಮಾನಗಳಿಂದ ಗೌರವಿಸುತ್ತಾ ಬಂದಿದೆ. ನಮ್ಮ ದೇಶದ ಸ್ತ್ರೀಯರಲ್ಲಿ ಇಂದು ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1,92,000 ಹೊಸ ರೋಗಿಗಳು, ಸುಮಾರು 98,000 ಸಾವುಗಳು ಎಂದು ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಬೇಗ ಕಂಡರೆ ಗುಣವಾಗುವ ರೋಗವೊಂದು ಇಷ್ಟು ಜನರನ್ನು ಕೊಂಡೊಯ್ಯುತ್ತಿದ್ದರೆ ಅದಕ್ಕೆ ದೊಡ್ಡ ಕಾರಣ ನಾವು ತಡಮಾಡುವುದು.

ತಡವಾದುದಕ್ಕೆ ಎರಡು ನಿದರ್ಶನ ನನ್ನ ಕಣ್ಣ ಮುಂದಿವೆ. ಹಿಂದೆ ನಾನು ಸೇವೆ ಮಾಡಿದ ಒಂದು ಊರಿನಲ್ಲಿ ಮೂರು ಮಕ್ಕಳ ತಾಯಿಯೊಬ್ಬರು ಎದೆಯಲ್ಲಿ ಗಂಟಿದೆಯೆಂದು ತಿಳಿದೂ ಎಕ್ಸ್‌ರೇ ಕಿರಣದ ಹೆದರಿಕೆಯಿಂದ ಪರೀಕ್ಷೆಗೆ ಹೋಗಲಿಲ್ಲ. ನಾನು ಪರಮಪ್ರಸಾದ ತೆಗೆದುಕೊಂಡು ಅವರ ಮನೆಗೆ ಹೋಗುವಾಗ ಗಂಟು ಹುಣ್ಣಾಗಿತ್ತು.

ಎರಡನೆಯದು ನನ್ನ ಅಕ್ಕನದು. ಅಕ್ಕ ಹೆದರದೆ ಹೋದಳು. ಯಂತ್ರದ ಹಲಗೆ ಒತ್ತುವಾಗ ನೋವಿನಿಂದ ಕೂಗಿದಳಂತೆ. ಚಿತ್ರ ತೆಗೆಯುವವರು ಕನಿಕರಪಟ್ಟು ಸಡಿಲ ಬಿಟ್ಟರಂತೆ. ಚಿತ್ರ ಮಸುಕಾಗಿ ಬಂತು. ವರದಿಯಲ್ಲಿ ವಿಶೇಷವೇನೂ ಕಾಣುವುದಿಲ್ಲ ಎಂದು ಬರೆದಿತ್ತು. "ಗಂಟು ಮಾತ್ರ ಕೈಗೆ ಸಿಗುತ್ತದೆ" ಎಂದು ಅವಳು ಫೋನಿನಲ್ಲಿ ಹೇಳಿದಳು. "ವರದಿ ಸರಿ ಇದೆಯಲ್ಲ ಅಕ್ಕ, ಇನ್ನು ಯೋಚನೆ ಬಿಡು" ಎಂದವನು ನಾನೇ. ಎಂಟು ತಿಂಗಳ ಮೇಲೆ ಬೇರೆ ಕಡೆ ಸರಿಯಾದ ಚಿತ್ರ ತೆಗೆದಾಗ ರೋಗ ಕಂಕುಳಿಗೆ ಹಬ್ಬಿತ್ತು. ಅವಳು ಈಗ ನಮ್ಮೊಂದಿಗಿಲ್ಲ. ಆ ಎಂಟು ತಿಂಗಳು ಕೈಯಲ್ಲಿದ್ದಿದ್ದರೆ ಏನಾಗುತ್ತಿತ್ತೆಂದು ದೇವರೇ ಬಲ್ಲ. ಕಿರಣಕ್ಕೆ ಹೆದರಿ ಒಬ್ಬರು ಹೋದರು, ಕೆಟ್ಟ ಚಿತ್ರವನ್ನು ನಂಬಿ ಇನ್ನೊಬ್ಬರು ಹೋದರು. ಆದ್ದರಿಂದ ಈ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ಮಾತನಾಡಲು ನನ್ನಿಂದಾಗದು.

ಚಿತ್ರ ಹೇಗೆ ಬರುತ್ತದೆ?

ಕೈ ಮುರಿದಾಗ ತೆಗೆಯುವ ಎಕ್ಸ್‌ರೇಯಲ್ಲಿ ಎಲುಬು ಬಿಳಿಯಾಗಿ, ಮಾಂಸ ಕಪ್ಪಾಗಿ ಸುಲಭದಲ್ಲಿ ಬೇರೆಯಾಗಿ ಕಾಣುತ್ತದೆ. ಸ್ತನದಲ್ಲಿ ಎಲುಬಿಲ್ಲ. ಕೊಬ್ಬು, ಹಾಲಿನ ಗ್ರಂಥಿ, ಗಂಟು ಇವು ಮೂರೂ ಕಿರಣವನ್ನು ಹೆಚ್ಚುಕಡಿಮೆ ಒಂದೇ ರೀತಿ ತಡೆಯುತ್ತವೆ. ಅವುಗಳ ನಡುವಿನ ಅಲ್ಪ ವ್ಯತ್ಯಾಸವನ್ನು ಹಿಡಿಯಲು ಕಡಿಮೆ ಶಕ್ತಿಯ ಮೃದು ಕಿರಣವೇ ಬೇಕು. ಆದರೆ ಮೃದು ಕಿರಣ ದೇಹದಲ್ಲೇ ಹೆಚ್ಚು ಇಂಗುತ್ತದೆ. ಕಿರಣದ ಶಕ್ತಿ ಏರಿಸಿದರೆ ಇಂಗುವುದು ಕಡಿಮೆಯಾಗುತ್ತದೆ, ಜೊತೆಗೆ ಗಂಟಿಗೂ ಗ್ರಂಥಿಗೂ ಇರುವ ಭೇದ ಅಳಿಸುತ್ತದೆ. ಕಿರಣದ ಪ್ರಮಾಣ ಇಳಿಸಿದರೆ ಚಿತ್ರದ ತುಂಬ ಮರಳು ಚೆಲ್ಲಿದಂತೆ ಕಾಳುಕಾಳು ಕಾಣಿಸುತ್ತದೆ. ಆರಂಭದ ಕ್ಯಾನ್ಸರ್ ಎಷ್ಟೋ ಸಲ ಸುಣ್ಣದ ಹುಡಿಯಂಥ ಸಣ್ಣ ಚುಕ್ಕೆಗಳಾಗಿ ತೋರುತ್ತದೆ. ಒಂದೊಂದು ಚುಕ್ಕೆ ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲಿನಷ್ಟೇ. ಮರಳಿನ ನಡುವೆ ಅದನ್ನು ಯಾರು ಗುರುತಿಸುವರು?

ಹಲಗೆಯಿಂದ ಒತ್ತುವುದಕ್ಕೂ ಇದೇ ಕಾರಣ. ಒತ್ತಿದಾಗ ಸ್ತನ ತೆಳ್ಳಗಾಗುತ್ತದೆ. ತೆಳ್ಳಗಾದುದಕ್ಕೆ ಕಡಿಮೆ ಕಿರಣ ಸಾಕು. ಒಂದರ ಮೇಲೊಂದು ಬಿದ್ದ ಭಾಗಗಳು ಹರಡಿ ಬೇರೆ ಬೇರೆ ಕಾಣುತ್ತವೆ. ಅಲುಗಾಡದ ಕಾರಣ ಚಿತ್ರ ಮಸುಕಾಗುವುದಿಲ್ಲ. ಕಿರಣವನ್ನೂ ಇಳಿಸಿ ಚಿತ್ರವನ್ನೂ ಉತ್ತಮಗೊಳಿಸುವ ಉಪಾಯ ಇದು. ಕೆಲವು ಸೆಕೆಂಡುಗಳ ನೋವು ಅದರ ಬೆಲೆ. ನನ್ನ ಅಕ್ಕನಿಗೆ ತೋರಿಸಿದ ಕನಿಕರ ನಿಜವಾದ ಕನಿಕರವಾಗಿರಲಿಲ್ಲ. ಮುಟ್ಟು ಮುಗಿದ ಮರುವಾರ ಹೋದರೆ ನೋವು ಕಡಿಮೆ ಎಂದು ಆಕೆಗೆ ಯಾರಾದರೂ ಮೊದಲೇ ತಿಳಿಸಿದ್ದರೆ ಅದು ಕನಿಕರವಾಗುತ್ತಿತ್ತು.

ಇದರಿಂದ ನಾನು ತಿಳಿದುಕೊಂಡ ಮುಖ್ಯ ಮಾತು ಇದು: ಏನೂ ಕಾಣದ ಚಿತ್ರಕ್ಕೆ ಬಳಸಿದ ಕಿರಣ ಎಷ್ಟೇ ಅಲ್ಪವಾಗಿದ್ದರೂ ವ್ಯರ್ಥ. ಮೇಲಾಗಿ ಅದನ್ನು ಮತ್ತೆ ತೆಗೆಯಬೇಕಾದರೆ ಪ್ರಮಾಣ ಇಮ್ಮಡಿಯಾಯಿತು. ಕೆಲವರು ಕಿರಣ ತಾಗದಿರಲೆಂದು ಕುತ್ತಿಗೆಗೆ ಸೀಸದ ಪಟ್ಟಿ ಕಟ್ಟಿಸಿಕೊಳ್ಳುತ್ತಾರಂತೆ. ಮ್ಯಾಮೋಗ್ರಫಿಯಲ್ಲಿ ಕುತ್ತಿಗೆಗೆ ತಾಗುವುದು ತೀರಾ ಅತ್ಯಲ್ಪ. ಆ ಪಟ್ಟಿಯ ನೆರಳು ಚಿತ್ರದ ಮೇಲೆ ಬಿದ್ದರೆ ಮಾತ್ರ ಇನ್ನೊಮ್ಮೆ ತೆಗೆಯಬೇಕಾಗುತ್ತದೆ.

ಇತಿಹಾಸ ಕಲಿಸಿದ ಪಾಠ

ಈ ಸಮತೋಲನ ಸುಲಭವಾಗಿ ಬಂದುದಲ್ಲ. 1913ರಲ್ಲಿ ಬರ್ಲಿನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೋಮನ್ ಕತ್ತರಿಸಿ ತೆಗೆದ ಸ್ತನಗಳ ಎಕ್ಸ್‌ರೇ ತೆಗೆದು ಮೊದಲ ಅಧ್ಯಯನ ಪ್ರಕಟಿಸಿದರು. ಒತ್ತಿ ತೆಗೆಯುವ ಕ್ರಮದ ಮಹತ್ವವನ್ನು ಉರುಗ್ವೆಯ ರೌಲ್ ಲೆಬೋರ್ನ್ 1949ರಲ್ಲಿ ತೋರಿಸಿಕೊಟ್ಟರು. 1960ರ ಸುಮಾರಿಗೆ ಅಮೆರಿಕದ ಹ್ಯೂಸ್ಟನ್ನಿನಲ್ಲಿ ರಾಬರ್ಟ್ ಈಗನ್ ಸೂಕ್ಷ್ಮ ಫಿಲ್ಮು ಬಳಸಿ ಸ್ಪಷ್ಟ ಚಿತ್ರ ತೆಗೆಯುವ ವಿಧಾನ ರೂಪಿಸಿದರು. ಚಿತ್ರ ಚೆನ್ನಾಗಿತ್ತು, ಅದಕ್ಕೆ ಬಳಸಿದ ಕಿರಣ ಇಂದಿನದಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು.

1973ರಲ್ಲಿ ಅಮೆರಿಕದಲ್ಲಿ ಸುಮಾರು 2,80,000 ಸ್ತ್ರೀಯರನ್ನು ಪರೀಕ್ಷಿಸುವ ದೊಡ್ಡ ಯೋಜನೆಯೊಂದು ಆರಂಭವಾಯಿತು. 1976ರಲ್ಲಿ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವೈದ್ಯ ಜಾನ್ ಬೈಲರ್ ಒಂದು ಲೇಖನ ಬರೆದು, ರೋಗಲಕ್ಷಣವಿಲ್ಲದ ಕಿರಿಯ ಸ್ತ್ರೀಯರಿಗೆ ಇಷ್ಟು ಕಿರಣ ಕೊಟ್ಟರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾದೀತು ಎಂದು ಎಚ್ಚರಿಸಿದರು. ದೊಡ್ಡ ಗದ್ದಲವಾಯಿತು. ಮರುವರ್ಷವೇ ಐವತ್ತರೊಳಗಿನವರ ಪರೀಕ್ಷೆಗೆ ಮಿತಿ ಹಾಕಲಾಯಿತು. ಆ ಎಚ್ಚರಿಕೆ ವ್ಯರ್ಥವಾಗಲಿಲ್ಲ. ಆ ಹೊತ್ತಿಗಾಗಲೇ ಬಂದಿದ್ದ ಕಡಿಮೆ ಕಿರಣದ ಫಿಲ್ಮುಗಳೇ ಮುಂದೆ ರೂಢಿಯಾದವು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1985ರಲ್ಲಿ ಅಮೆರಿಕದ ಕೇಂದ್ರಗಳನ್ನು ಪರಿಶೀಲಿಸಿದಾಗ ಎಷ್ಟೋ ಕಡೆ ಚಿತ್ರಗಳು ನಂಬಲು ತಕ್ಕವಾಗಿಲ್ಲ ಎಂದು ತಿಳಿದುಬಂತು. ಒಂದು ಕಡೆಯ ತಪ್ಪನ್ನು ತಿದ್ದಿದ ಮೇಲೂ ಇನ್ನೊಂದು ಕಡೆಯ ತಪ್ಪು ಉಳಿದಿತ್ತು. ಕೊನೆಗೆ 1992ರಲ್ಲಿ ಅಲ್ಲಿ ಒಂದು ಕಾನೂನೇ ಬಂತು. ಅದರ ಪ್ರಕಾರ ಮಾಡಿದ ನಿಯಮಗಳು ಎರಡನ್ನೂ ಒಟ್ಟಿಗೆ ಅಳೆಯುತ್ತವೆ. ಒತ್ತಿದ ಸ್ತನಕ್ಕೆ ಸಮನಾದ, 4.2 ಸೆಂಟಿಮೀಟರ್ ದಪ್ಪಕ್ಕೆ ಸರಿಹೊಂದುವ ಒಂದು ಪ್ಲಾಸ್ಟಿಕ್ ಅಚ್ಚು ಇದೆ. ಅದರೊಳಗೆ ಎಳೆಗಳು, ಚುಕ್ಕೆಗಳ ಗುಂಪುಗಳು, ಸಣ್ಣ ಗಡ್ಡೆಗಳು ಇವೆ. ಫಿಲ್ಮಿನ ಯಂತ್ರದಿಂದ ಅದರ ಚಿತ್ರ ತೆಗೆದಾಗ ಕನಿಷ್ಠ 4 ಎಳೆ, 3 ಚುಕ್ಕೆಗುಂಪು, 3 ಗಡ್ಡೆ ಕಾಣಲೇಬೇಕು; ಆದರೆ ಒಂದು ಚಿತ್ರಕ್ಕೆ ಗ್ರಂಥಿ ಹೀರುವ ಕಿರಣ 3 ಮಿಲಿಗ್ರೇ ದಾಟಕೂಡದು. ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುವ ಹಾಗೆ ದೇಹ ಹೀರಿದ ಕಿರಣವನ್ನು ಮಿಲಿಗ್ರೇಯಲ್ಲಿ ಅಳೆಯುತ್ತಾರೆ. ನಮ್ಮ ಹಿರಿಯರು ದ್ರಾವಣದಲ್ಲಿ ಕತ್ತಿ ಅದ್ದುವುದಕ್ಕೂ ಆಸ್ಪತ್ರೆಯಲ್ಲಿ ಈ ಅಚ್ಚನ್ನು ಇಟ್ಟು ನೋಡುವುದಕ್ಕೂ ನನಗೆ ಹೆಚ್ಚಿನ ಭೇದ ಕಾಣುವುದಿಲ್ಲ.

ಅನಂತರ ಫಿಲ್ಮಿನ ಬದಲು ಡಿಜಿಟಲ್ ಯಂತ್ರ ಬಂತು. ಅಮೆರಿಕ ಮತ್ತು ಕೆನಡಾಗಳಲ್ಲಿ 49,000ಕ್ಕೂ ಹೆಚ್ಚು ಸ್ತ್ರೀಯರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಒಟ್ಟಿನಲ್ಲಿ ಎರಡೂ ಸಮಾನ; ಐವತ್ತರೊಳಗಿನವರಲ್ಲಿ ಮತ್ತು ಗ್ರಂಥಿ ದಟ್ಟವಾಗಿರುವವರಲ್ಲಿ ಡಿಜಿಟಲ್ ಮೇಲು ಎಂದು ತಿಳಿಯಿತು. ಅದೇ ಪರೀಕ್ಷೆಯಲ್ಲಿ ಒಂದು ಚಿತ್ರಕ್ಕೆ ಫಿಲ್ಮಿನಲ್ಲಿ ಸರಾಸರಿ 2.37 ಮಿಲಿಗ್ರೇ, ಡಿಜಿಟಲ್‌ನಲ್ಲಿ 1.86 ಮಿಲಿಗ್ರೇ ಕಿರಣ ತಗಲಿತ್ತು. ಎಂದರೆ ಐದರಲ್ಲಿ ಒಂದು ಪಾಲಿಗಿಂತಲೂ ಹೆಚ್ಚಿನ ಉಳಿತಾಯ. ಎಚ್ಚರಿಕೆಯ ಮಾತನ್ನು ಕೇಳಿ ತಿದ್ದಿಕೊಂಡರೆ ಎರಡೂ ಕಡೆ ಲಾಭವುಂಟು ಎಂಬುದಕ್ಕೆ ಇದು ಸಾಕ್ಷಿ.

ಹಿರಿಯರ ಹೆದರಿಕೆಗೆ ಉತ್ತರ

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ಎಕ್ಸ್‌ರೇ ಕಿರಣದಿಂದ ಕ್ಯಾನ್ಸರ್ ಬರಬಹುದೇ? ಬರಬಹುದು. ಹಿರೋಶಿಮಾ, ನಾಗಸಾಕಿಗಳಲ್ಲಿ ಬದುಕಿ ಉಳಿದ ಹೆಣ್ಣುಮಕ್ಕಳಲ್ಲಿ ಇದು ಕಂಡಿದೆ. ಹಿಂದಿನ ಕಾಲದಲ್ಲಿ ಕ್ಷಯರೋಗದ ಚಿಕಿತ್ಸೆಗಾಗಿ ನೂರಾರು ಸಲ ಎದೆಗೆ ಕಿರಣ ಹಾಯಿಸಿಕೊಂಡ ಸ್ತ್ರೀಯರಲ್ಲೂ ಕಂಡಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಪ್ರಶ್ನೆ ಎಷ್ಟು ಎಂಬುದು.

ಎರಡೂ ಸ್ತನಗಳಿಗೆ ಎರಡೆರಡು ಚಿತ್ರ ತೆಗೆದರೆ, ದೇಹಕ್ಕೆಲ್ಲ ಹಂಚಿ ಲೆಕ್ಕ ಹಾಕಿದಾಗ ಸುಮಾರು 0.4 ಮಿಲಿಸೀವರ್ಟ್ ಆಗುತ್ತದೆ. ಮಣ್ಣು, ಗಾಳಿ, ಆಹಾರ, ಆಕಾಶ ಇವುಗಳಿಂದ ಲೋಕದ ಮನುಷ್ಯನೊಬ್ಬನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಹಜವಾಗಿಯೇ ಬರುತ್ತದೆ. ಅಂದರೆ ಒಂದು ಪರೀಕ್ಷೆ ಎಂದರೆ ಎರಡು ತಿಂಗಳ ಸಹಜ ಕಿರಣದಷ್ಟು.

2011ರಲ್ಲಿ ಕೆನಡಾದ ಇಬ್ಬರು ವಿಜ್ಞಾನಿಗಳು ಒಂದು ಲೆಕ್ಕ ಪ್ರಕಟಿಸಿದರು. ಒಂದು ಲಕ್ಷ ಸ್ತ್ರೀಯರನ್ನು 40ರಿಂದ 55ರವರೆಗೆ ಪ್ರತಿ ವರ್ಷ, ಅನಂತರ 74ರವರೆಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿದರೆ ಜೀವಮಾನದಲ್ಲಿ ಕಿರಣದಿಂದಲೇ 86 ಕ್ಯಾನ್ಸರ್, 11 ಸಾವು ಉಂಟಾಗಬಹುದು. ಪರೀಕ್ಷೆಯಿಂದ 497 ಜೀವ ಉಳಿಯಬಹುದು ಎಂದು. ಇದು ಎಣಿಸಿ ನೋಡಿದ್ದಲ್ಲ, ಗಣಿತದ ಅಂದಾಜು. ಅಲ್ಲಿನ ರೋಗದ ಪ್ರಮಾಣಕ್ಕೆ ಹೊಂದಿದ್ದು. ನಮ್ಮಲ್ಲಿ ಅಂಕಿಗಳು ಬೇರೆಯಾಗಬಹುದು. ಆದರೂ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದು ಸ್ಪಷ್ಟ. ಆ 11 ಮಂದಿಯೂ ಯಾರದೋ ತಾಯಂದಿರು ಎಂಬ ಕಾರಣಕ್ಕೆ ಕಿರಣವನ್ನು ಇನ್ನೂ ಕಡಿಮೆ ಮಾಡುವ ಪ್ರಯತ್ನ ನಿಲ್ಲಬಾರದು. ಅವರ ಹೆಸರಿನಲ್ಲಿ ಆ 497 ಮಂದಿಯನ್ನು ಬಿಟ್ಟುಕೊಡಲೂ ಆಗದು.

ನಮ್ಮ ಜನರ ಹೆದರಿಕೆಗೆ ಇನ್ನೊಂದು ಕಾರಣವಿದೆ, ಅದನ್ನು ಗೌರವಿಸಲೇಬೇಕು. ಈ ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದಾಗ "ಏನೂ ಆಗುವುದಿಲ್ಲ" ಎಂದೇ ಹೇಳಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸುವಷ್ಟರಲ್ಲಿ ಎಷ್ಟು ಮನೆಗಳಲ್ಲಿ ಕಣ್ಣೀರು ಹರಿದಿತ್ತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕಣ್ಣಿಗೆ ಕಾಣದ ವಸ್ತುವನ್ನು "ಸುರಕ್ಷಿತ" ಎಂದಾಗ ಈ ಊರಿನವರು ತಲೆಯಲ್ಲಾಡಿಸಿ ನಂಬದಿರುವುದು ಮೂಢತನವಲ್ಲ. ಆದರೆ ವ್ಯತ್ಯಾಸವನ್ನು ನೋಡಿ. ಅಲ್ಲಿ ಮನೆಯವರನ್ನು ಕೇಳಿದವರಿಲ್ಲ, ಬಾವಿಗೆ ಎಷ್ಟು ಬಿತ್ತೆಂದು ಅಳೆದವರಿಲ್ಲ, ಲಾಭ ಒಬ್ಬರಿಗೆ, ನೋವು ಇನ್ನೊಬ್ಬರಿಗೆ. ಇಲ್ಲಿ ಕಿರಣ ಪಡೆಯುವವಳೇ ಪ್ರಯೋಜನ ಪಡೆಯುವವಳು; ಎಷ್ಟು ಎಂಬುದು ಯಂತ್ರದಲ್ಲಿ ದಾಖಲಾಗುತ್ತದೆ; ಬೇಡ ಎನ್ನುವ ಹಕ್ಕು ಅವಳಿಗಿದೆ. ಎಂಡೋಸಲ್ಫಾನ್ ಕಲಿಸಿದ ಪಾಠವೆಂದರೆ ಎಲ್ಲದಕ್ಕೂ ಹೆದರಿ ಓಡುವುದಲ್ಲ, ಅಳತೆಯನ್ನು ಕೇಳಿ ತಿಳಿಯುವುದು.

ಯುವಕನ ಪ್ರಶ್ನೆಗೆ ಉತ್ತರ

ಹಾಗಾದರೆ 18 ದಾಟಿದ ಎಲ್ಲರಿಗೂ ಮಾಡಿಸಬಹುದಲ್ಲವೇ? ಖಂಡಿತ ಬೇಡ. ಎಳೆಯ ವಯಸ್ಸಿನ ಸ್ತನ ಕಿರಣಕ್ಕೆ ಬೇಗ ನಲುಗುತ್ತದೆ. ವಯಸ್ಸಾದಂತೆ ಆ ಅಪಾಯ ಇಳಿಯುತ್ತದೆ. ಮೇಲಾಗಿ ಕಿರಿಯರಲ್ಲಿ ಗ್ರಂಥಿ ದಟ್ಟವಾಗಿದ್ದು ಚಿತ್ರ ಬೆಳ್ಳಗೆ ಬರುತ್ತದೆ. ಗಂಟೂ ಬೆಳ್ಳಗೇ ಕಾಣುವುದು. ಮಂಜಿನಲ್ಲಿ ಕೊಕ್ಕರೆ ಹುಡುಕಿದ ಹಾಗೆ. ಆ ವಯಸ್ಸಿನಲ್ಲಿ ರೋಗವೂ ಅಪರೂಪ. ಅಪಾಯ ಹೆಚ್ಚು, ಚಿತ್ರ ಮಸುಕು, ಸಿಗುವ ಫಲ ಅಲ್ಪ. ಇಲ್ಲದ ಗಂಟನ್ನು ಇದೆಯೆಂದು ಹೇಳಿ ಹೆದರಿಸಿ, ಸೂಜಿ ಚುಚ್ಚಿಸುವ ಪ್ರಸಂಗಗಳೂ ಹೆಚ್ಚುತ್ತವೆ. ಉಚಿತ ಎಂಬ ಮಾತ್ರಕ್ಕೆ ಫಸಲಿಲ್ಲದ ಮರಕ್ಕೂ ಮದ್ದು ಬಿಡುತ್ತೇವೆಯೇ?

ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿದಂತೆ ವ್ಯವಸ್ಥೆ ಚೆನ್ನಾಗಿರುವಲ್ಲಿ 50ರಿಂದ 69ರವರೆಗಿನವರಿಗೆ ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆ ತಕ್ಕದ್ದು. ಅಮೆರಿಕದ ತಜ್ಞರ ಕಾರ್ಯಪಡೆ 2024ರಲ್ಲಿ ಅದನ್ನು 40ರಿಂದ 74 ಎಂದಿತು. ಎರಡರಲ್ಲೂ ಇಪ್ಪತ್ತರವರಿಲ್ಲ, ಮೂವತ್ತರವರೂ ಇಲ್ಲ.

ನಮ್ಮ ದೇಶಕ್ಕೆ ಇನ್ನೊಂದು ದಾರಿಯೂ ಇದೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ 1998ರಿಂದ ಕೊಳೆಗೇರಿಗಳ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಸ್ತ್ರೀಯರನ್ನು 20 ವರ್ಷ ಅನುಸರಿಸಿ ನೋಡಿತು. ಅವರಲ್ಲಿ ಅರ್ಧದಷ್ಟು ಜನರಿಗೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ರೋಗ ಬೇಗನೆ, ಕಡಿಮೆ ಹಬ್ಬಿದ ಹಂತದಲ್ಲಿ ಸಿಕ್ಕಿತು. ಐವತ್ತು ದಾಟಿದವರಲ್ಲಿ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಇಳಿಯಿತು. ಐವತ್ತರೊಳಗಿನವರಲ್ಲಿ ಸಾವು ಇಳಿದದ್ದು ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಕಿರಣ ಒಂದಿಷ್ಟೂ ಇಲ್ಲ, ವಿದ್ಯುತ್ತೂ ಬೇಡ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯೂ 30ರಿಂದ 65ರವರೆಗಿನ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಈ ಕೈಪರೀಕ್ಷೆಯನ್ನೇ ಹೇಳುತ್ತದೆ.

ನನ್ನ ಸಲಹೆ

ಆದುದರಿಂದ ಮುಂದಿನ ಸಭೆಯಲ್ಲಿ ನಾನು ಇಡಲಿರುವ ಸಲಹೆಗಳನ್ನು ಇಲ್ಲಿ ಮೊದಲೇ ತಿಳಿಸುತ್ತೇನೆ. ಒಪ್ಪದವರು ಸಭೆಯಲ್ಲಿ ಧಾರಾಳವಾಗಿ ಹೇಳಬಹುದು.

1. ಶಿಬಿರ ನಡೆಯಲಿ, ಬಸ್ಸಿನಿಂದ ಆರಂಭವಾಗುವುದು ಬೇಡ. 30 ದಾಟಿದ ಎಲ್ಲ ಸ್ತ್ರೀಯರಿಗೆ ಮಹಿಳಾ ವೈದ್ಯರು ಮತ್ತು ತರಬೇತಿ ಪಡೆದ ದಾದಿಯರಿಂದ ಕೈಪರೀಕ್ಷೆ ಮೊದಲು ಆಗಲಿ. ಕನ್ಯಾಸ್ತ್ರೀಯರ ಮಠದ ಕೋಣೆಯಲ್ಲಿ ಮರ್ಯಾದೆಯಿಂದ, ಗುಟ್ಟಾಗಿ ನಡೆಯಲಿ. ನಮ್ಮ ಸ್ತ್ರೀ ಸಂಘಟನೆಯವರು ವಾಳೆ ವಾಳೆಗೆ ಹೋಗಿ ತಿಳಿಸಲಿ. ನೆರೆಹೊರೆಯ ಹಿಂದೂ, ಮುಸ್ಲಿಂ ಸಹೋದರಿಯರಿಗೂ ಕರೆ ಹೋಗಲಿ.

2. ಮ್ಯಾಮೋಗ್ರಫಿ 50 ದಾಟಿದವರಿಗೆ. 40 ದಾಟಿದವರಲ್ಲಿ ತಾಯಿ, ಅಕ್ಕ, ತಂಗಿಗೆ ಈ ರೋಗ ಬಂದಿದ್ದವರಿಗೆ ಅಥವಾ ವೈದ್ಯರು ಬೇಕೆಂದವರಿಗೆ. ಮನೆಯಲ್ಲಿ ಹಲವರಿಗೆ ಬಂದಿದ್ದರೆ ಕಿರಿಯರೂ ತಜ್ಞರನ್ನು ಕಂಡು ಸಲಹೆ ಕೇಳಲಿ.

3. ಬಸ್ಸನ್ನು ಕರೆಸುವ ಮುಂಚೆ ನಾವು ಕೇಳಬೇಕಾದ ಪ್ರಶ್ನೆಗಳಿವೆ. ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇದೆಯೇ? ಆ ಮಂಡಳಿಯ ನಿಯಮದಂತೆ ಎರಡು ವರ್ಷಕ್ಕೊಮ್ಮೆ ಆಗಬೇಕಾದ ಗುಣಮಟ್ಟದ ಪರೀಕ್ಷೆ ಕೊನೆಯ ಸಲ ಯಾವಾಗ ಆಯಿತು? ಅಚ್ಚು ಇಟ್ಟು ಚಿತ್ರ ಪರೀಕ್ಷಿಸುವ ಕ್ರಮವಿದೆಯೇ? ಚಿತ್ರ ಓದುವ ವೈದ್ಯರಿಗೆ ಈ ಕೆಲಸದಲ್ಲಿ ಅನುಭವವಿದೆಯೇ? ಕಿರಣ ಎಷ್ಟೆಂದು ದಾಖಲೆ ಕೊಡುವರೇ? ಚಿತ್ರದ ಪ್ರತಿ ನಮ್ಮ ಕೈಗೆ ಕೊಡುವರೇ? ಸರಿಯಾದ ಉತ್ತರ ಸಿಗದಿದ್ದರೆ ಬಸ್ಸು ಗೇಟಿನ ಹೊರಗೇ ಇರಲಿ. ಗೊಬ್ಬರದ ಮೂಟೆಯ ಮೇಲಿನ ಅಕ್ಷರ ಓದದೆ ನಾವು ಹಣ ಕೊಡುವುದಿಲ್ಲ. ನಮ್ಮ ಹೆಂಡಂದಿರ, ತಾಯಂದಿರ ದೇಹದ ವಿಷಯದಲ್ಲಿ ಅಷ್ಟಾದರೂ ಎಚ್ಚರ ಬೇಡವೇ?

4. ಸಂಶಯ ಬಂದವರು ಮುಂದಿನ ಪರೀಕ್ಷೆಗೆ ಮಂಗಳೂರಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಹೋಗಬೇಕು. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಗಡಿನಾಡಿನ ರೋಗಿಗಳ ಪಾಡು ಏನಾಯಿತೆಂದು ನಾವು ಕಂಡಿದ್ದೇವೆ. ಬಸ್ಸಿನ ಖರ್ಚಿಗೆ, ಒಂದು ದಿನದ ಕೂಲಿಗೆ ಹಿಂಜರಿದು ಯಾರೂ ಮನೆಯಲ್ಲಿ ಉಳಿಯಬಾರದು. ಈ ಸಲದ ಹಬ್ಬದ ಪಟಾಕಿಯ ಹಣವನ್ನು ಇದಕ್ಕೆ ತೆಗೆದಿಡೋಣ. ಪಟಾಕಿ ಪ್ರಿಯರು ನನ್ನನ್ನು ಕ್ಷಮಿಸಬೇಕು.

5. ಕೊನೆಯದಾಗಿ, ನನ್ನ ಅಕ್ಕನ ನೆನಪಿನಲ್ಲಿ ಒಂದು ಮಾತು. ಕೈಗೆ ಗಂಟು ಸಿಗುತ್ತಿದ್ದರೆ, ಚರ್ಮ ಗುಳಿ ಬಿದ್ದಿದ್ದರೆ, ತೊಟ್ಟು ಒಳಗೆ ಎಳೆದಿದ್ದರೆ, ರಕ್ತ ಜಿನುಗಿದರೆ, ಮ್ಯಾಮೋಗ್ರಫಿಯ ವರದಿ ಸರಿ ಇದೆ ಎಂದು ಸುಮ್ಮನಿರಬೇಡಿ. ಒಳ್ಳೆಯ ಯಂತ್ರದಲ್ಲೂ ಕೆಲವು ಗಂಟುಗಳು ಕಾಣದೆ ಹೋಗುತ್ತವೆ. ಕಿರಣವಿಲ್ಲದ ಅಲ್ಟ್ರಾಸೌಂಡ್ ಇದೆ, ಸೂಜಿಪರೀಕ್ಷೆ ಇದೆ. ವೈದ್ಯರನ್ನು ಬಿಡದೆ ಕೇಳಿ. ಇದಕ್ಕೆ ವಯಸ್ಸಿನ ಮಿತಿಯಿಲ್ಲ; ಇಪ್ಪತ್ತೈದರವಳಿಗೂ ಅನ್ವಯಿಸುತ್ತದೆ.

ಪರೀಕ್ಷೆಗೆ ಹೋಗುವವರಿಗೆ ಸಣ್ಣ ಸೂಚನೆಗಳು: ಅಂದು ಎದೆಗೆ, ಕಂಕುಳಿಗೆ ಪೌಡರು, ಸುಗಂಧ ಹಚ್ಚಬೇಡಿ, ಅದರ ಹುಡಿ ಚಿತ್ರದಲ್ಲಿ ರೋಗದ ಚುಕ್ಕೆಯಂತೆ ತೋರಬಹುದು. ಗರ್ಭಿಣಿಯಾಗಿರಬಹುದು ಎಂಬ ಸಂಶಯವಿದ್ದರೆ ಮೊದಲೇ ಹೇಳಿ. ಹಳೆಯ ಚಿತ್ರಗಳಿದ್ದರೆ ಕೊಂಡೊಯ್ಯಿರಿ. ಹೋಲಿಸಿ ನೋಡಿದರೆ ಅನಾವಶ್ಯಕ ಮರುಚಿತ್ರ ತಪ್ಪುತ್ತದೆ. ಹಲಗೆ ಒತ್ತುವಾಗ ಸ್ವಲ್ಪ ತಾಳಿಕೊಳ್ಳಿ. ತಾಳಲಾರದಿದ್ದರೆ ಹೇಳಿ, ನಿಧಾನವಾಗಿ ಮತ್ತೆ ಒತ್ತಿಸಿಕೊಳ್ಳಿ. ಸಡಿಲ ಬಿಟ್ಟು ತೆಗೆಸಿಕೊಂಡು ಬರಬೇಡಿ.

ಗಂಡಸರಿಗೆ ಒಂದು ಮಾತು. ಅಡಿಕೆ ಮರದ ತುದಿಯಲ್ಲಿ ಒಂದು ಕಾಯಿ ಕಪ್ಪಾದರೆ ಕೆಳಗಿನಿಂದಲೇ ಗುರುತಿಸುವ ಕಣ್ಣು ನಿಮಗಿದೆ. ಮನೆಯಾಕೆ ತಿಂಗಳುಗಟ್ಟಲೆ ಏನನ್ನೋ ನುಂಗಿಕೊಂಡಿರುವುದು ಯಾಕೆ ಕಾಣುವುದಿಲ್ಲ? ಹಸುವಿಗೆ ಕೆಚ್ಚಲು ಬಾವು ಬಂದರೆ ಅಂದೇ ಡಾಕ್ಟರನ್ನು ಕರೆಯುತ್ತೀರಿ. ಹೆಂಡತಿ ಹೇಳಲು ನಾಚಿದರೂ ಕೇಳಲು ನೀವು ನಾಚಬೇಡಿ. ಅವಳೊಂದಿಗೆ ನೀವೇ ಹೋಗಿ, ಹೊರಗಿನ ಬೆಂಚಿನಲ್ಲಿ ಕಾದು ಕುಳಿತುಕೊಳ್ಳಿ.

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ನಮ್ಮ ಪ್ರಭು ಸಾಮತಿಯಲ್ಲಿ ಕಲಿಸಿದರು. ಲೆಕ್ಕ ಹಾಕುವುದು ಅವಿಶ್ವಾಸವಲ್ಲ. ದೇವರು ಕೊಟ್ಟ ಬುದ್ಧಿಯ ಉಪಯೋಗ. ಈ ವಾರ ದ್ರಾವಣ ಕಲಸಿ ಕತ್ತಿ ಅದ್ದಿ ನೋಡುವಾಗ ಮನೆಯಲ್ಲಿರುವ ತಾಯಿ, ಹೆಂಡತಿ, ಅಕ್ಕತಂಗಿಯರನ್ನು ಒಮ್ಮೆ ನೆನೆಯಿರಿ. ಸಭೆ ಜೂನ್ ತಿಂಗಳ ಎರಡನೆಯ ಭಾನುವಾರ, ಎರಡನೆಯ ಪೂಜೆಯ ಬಳಿಕ. ಈ ಸಲ ಸ್ತ್ರೀಯರೂ ಬಂದು ಮಾತನಾಡಬೇಕೆಂದು ವಿನಂತಿ, ವಿಷಯ ಅವರದು.

ದೇವರು ನಿಮ್ಮೆಲ್ಲರನ್ನೂ ನಿಮ್ಮ ಬೆಳೆಗಳನ್ನೂ ಆಶೀರ್ವದಿಸಲಿ.

ನಿಮ್ಮ ಧರ್ಮಗುರು